ಒಂದು ಸಾಲು ತಿದ್ದಲು ಯಾಕಿಷ್ಟು ದಿನ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಬದಲು ಲಿನಕ್ಸ್ ಇದೆ. ವಾರಕ್ಕೊಮ್ಮೆಯಾದರೂ ಅಪ್‌ಡೇಟ್ ಬರುತ್ತದೆ. ಏನಿದೆ ಅಂತ ನೋಡಿದರೆ ‘ಬಗ್ ಫಿಕ್ಸ್, ಸಣ್ಣಪುಟ್ಟ ಸುಧಾರಣೆ’ ಅಂತಷ್ಟೇ ಇರುತ್ತದೆ. ಹಾಕಿಕೊಂಡ ಮೇಲೂ ಏನೂ ಬದಲಾದ ಹಾಗೆ ಕಾಣುವುದಿಲ್ಲ. ಇತ್ತ ನಾನು ತಿಳಿಸಿದ ಒಂದು ಚಿಕ್ಕ ತಪ್ಪು ಮೂರು ತಿಂಗಳಾದರೂ ಹಾಗೇ ಇದೆ. ಒಂದು ಸಾಲು ತಿದ್ದಲು ಇಷ್ಟು ದಿನ ಬೇಕಾ? ಸುಮ್ನೆ ಅಪ್‌ಡೇಟ್ ಮಾಡದೆ ಬಿಟ್ಟರೆ ಏನಾಗುತ್ತದೆ?

ಉತ್ತರ: ತಿದ್ದಲು ಐದು ನಿಮಿಷ ಸಾಕು. ಆ ಸಾಲು ಅಲ್ಲಿ ಯಾಕಿತ್ತು ಅಂತ ತಿಳಿಯುವುದಕ್ಕೇ ದಿನ ಹಿಡಿಯುತ್ತದೆ.

‘ಸಾಫ್ಟ್‌ವೇರ್’ ಅನ್ನುವ ಪದವನ್ನೇ ನೋಡಿ. ಅದರಲ್ಲಿ ‘ವೇ’ಗೆ ಮುಂಚೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿದೆ. ಝೀರೋ ವಿಡ್ತ್ ನಾನ್ ಜಾಯ್ನರ್ ಅಂತ ಅದರ ಹೆಸರು. ‘ಇಲ್ಲಿ ಒತ್ತು ಕೊಡಬೇಡ’ ಅಂತ ಕಂಪ್ಯೂಟರಿಗೆ ಹೇಳುವುದಷ್ಟೇ ಅದರ ಕೆಲಸ. ಅದನ್ನು ಅಳಿಸಿದರೆ ‘ಸಾಫ್ಟ್ವೇರ್’ ಆಗಿಬಿಡುತ್ತದೆ. ಟ ಒತ್ತಿನ ಜೊತೆಗೆ ವ ಒತ್ತೂ ಬಂದು ಜೋತುಬೀಳುತ್ತದೆ.

ಈಗ ಒಂದು ನೋಟ್ಸ್ ಆ್ಯಪ್ ಇದೆ ಅಂದುಕೊಳ್ಳಿ. ಒಬ್ಬರು ಈ ಅಕ್ಷರ ಹಾಕಿ ಟೈಪ್ ಮಾಡಿದ್ದಾರೆ, ಇನ್ನೊಬ್ಬರು ಹಾಕದೆ ಹುಡುಕುತ್ತಾರೆ. ಕಂಪ್ಯೂಟರಿಗೆ ಅವು ಬೇರೆ ಬೇರೆ ಪದಗಳು, ಹಾಗಾಗಿ ಹುಡುಕಿದ್ದು ಸಿಗುವುದಿಲ್ಲ. ‘ಸರ್ಚ್ ಕೆಲಸ ಮಾಡ್ತಿಲ್ಲ’ ಅಂತ ಒಂದು ದೂರು ಬರುತ್ತದೆ. ಪರಿಹಾರವೂ ಬಲು ಸುಲಭ ಅನ್ನಿಸುತ್ತದೆ: ಸೇವ್ ಮಾಡುವಾಗ ಕಾಣದ ಅಕ್ಷರಗಳನ್ನೆಲ್ಲ ಅಳಿಸಿಬಿಡು. ಒಂದೇ ಸಾಲು. ಟೆಸ್ಟ್‌ಗಳೆಲ್ಲ ಇಂಗ್ಲಿಷಿನಲ್ಲೇ ಇದ್ದರೆ ಎಲ್ಲವೂ ಪಾಸ್. ಸರ್ಚ್ ಸರಿಹೋಯಿತು, ಕನ್ನಡ ಕೆಟ್ಟಿತು. ಈ ಅಕ್ಷರವನ್ನು ದಿನವೂ ಬಳಸುವ ಪರ್ಷಿಯನ್ ಕೂಡ ಕೆಟ್ಟಿತು. ಇದರ ಅಣ್ಣತಮ್ಮನಂಥ ಇನ್ನೊಂದು ಕಾಣದ ಅಕ್ಷರ ಎಮೋಜಿಗಳನ್ನು ಜೋಡಿಸುತ್ತದೆ. ಅದನ್ನೂ ಅಳಿಸಿದ್ದರಿಂದ ಒಟ್ಟಿಗೆ ನಿಂತಿದ್ದ ಅಪ್ಪ, ಅಮ್ಮ, ಮಗು ಮೂರು ಬೇರೆ ಬೇರೆ ತಲೆಗಳಾದರು. ಈ ತಪ್ಪನ್ನು ಒಮ್ಮೆ ನಾನೇ ಮಾಡಿದ್ದೇನೆ, ಅದೂ ಕನ್ನಡದ ಬರಹ ಶುದ್ಧ ಮಾಡಲು ಬರೆದ ಸ್ಕ್ರಿಪ್ಟಿನಲ್ಲಿ!

ಬರೆದಿಟ್ಟದ್ದನ್ನು ಮುಟ್ಟದೆ, ಹೋಲಿಸಿ ನೋಡುವಾಗ ಮಾತ್ರ ಆ ಅಕ್ಷರವನ್ನು ಲೆಕ್ಕಕ್ಕೆ ಹಿಡಿಯದೆ ಇರುವುದೇ ಸರಿಯಾದ ದಾರಿ. ಅದೂ ಒಂದೆರಡು ಸಾಲಿನ ಕೆಲಸವೇ. ಆದರೆ ಅದು ಹೊಳೆಯಬೇಕಾದರೆ ಒತ್ತಕ್ಷರದ ಸಂಗತಿ ಗೊತ್ತಿರುವ ಯಾರಾದರೂ ರಿವ್ಯೂ ಮಾಡಬೇಕು.

ಪದ ಕೆಟ್ಟರೆ ಕಣ್ಣಿಗಾದರೂ ಕಾಣುತ್ತದೆ. ಬೀಗ ಕೆಟ್ಟರೆ? 2006ರಲ್ಲಿ ಲಿನಕ್ಸಿನ ಒಂದು ಬಗೆಯಾದ ಡೆಬಿಯನ್‌ನಲ್ಲಿ ಆದದ್ದು ಅದೇ. ಇಂಟರ್‌ನೆಟ್ಟಿನ ಬೀಗ, ಕೀಲಿಕೈಗಳನ್ನು ತಯಾರಿಸುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶ ಇದೆ. ಕೋಡ್ ತಪಾಸಣೆ ಮಾಡುವ ವ್ಯಾಲ್‌ಗ್ರಿಂಡ್ ಎಂಬ ಟೂಲ್ ಅದನ್ನು ನೋಡಿದಾಗಲೆಲ್ಲ ಗೊಣಗುತ್ತಿತ್ತು: ಏನೂ ಬರೆಯದ ಮೆಮೊರಿಯನ್ನು ಓದುತ್ತಿದ್ದೀರಿ ಅಂತ. ಗೊಣಗಾಟ ನಿಲ್ಲಿಸಲು ಡೆಬಿಯನ್‌ನವರು ಎರಡು ಸಾಲು ತೆಗೆದರು. ತೆಗೆಯುವ ಮುಂಚೆ ಓಪನ್‌ಎಸ್‌ಎಸ್‌ಎಲ್ ಬಳಗವನ್ನು ಕೇಳಿದ್ದೂ ಉಂಟು. ನೋಡಲು ಅದು ದಿನನಿತ್ಯದ ಸ್ವಚ್ಛತೆಯ ಕೆಲಸ, ಅಲ್ವಾ?

ಆದರೆ ಕೀಲಿಕೈಯನ್ನು ಯಾರೂ ಊಹಿಸದ ಹಾಗೆ ಮಾಡುವ ಸಾಮಗ್ರಿಯೆಲ್ಲ ಒಳಗೆ ಬರುತ್ತಿದ್ದದ್ದು ಅವೆರಡರಲ್ಲಿ ಒಂದು ಸಾಲಿನಿಂದ. ಅದು ಹೋದ ಮೇಲೆ ಉಳಿದದ್ದು ಓಡುತ್ತಿರುವ ಪ್ರತಿ ಪ್ರೋಗ್ರಾಮಿಗೂ ಕಂಪ್ಯೂಟರ್ ಕೊಡುವ ಪ್ರಾಸೆಸ್ ನಂಬರ್ ಮಾತ್ರ. ಅದರಲ್ಲಿ ಹೆಚ್ಚೆಂದರೆ 32,768 ಬಗೆ. ಅಷ್ಟು ಕೀಲಿಕೈಗಳನ್ನು ಮೊದಲೇ ಮಾಡಿಟ್ಟುಕೊಂಡು ಒಂದೊಂದಾಗಿ ಹಾಕಿ ನೋಡಿದರೆ ಬೀಗ ತೆರೆಯುತ್ತದೆ. ಕಂಪ್ಯೂಟರಿಗೆ ಅದೇನು ದೊಡ್ಡ ಕೆಲಸ! ತಪ್ಪು ಹೊರಗೆ ಬಂದದ್ದು 2008ರ ಮೇ 13ರಂದು. ಅಷ್ಟರಲ್ಲಿ ಅದು ಡೆಬಿಯನ್ ಮೇಲೆ ಕಟ್ಟಿದ ಉಬುಂಟುವಿಗೂ ಹರಡಿತ್ತು. ಅಪ್‌ಡೇಟ್ ಹಾಕಿದರೆ ಸಾಲಲಿಲ್ಲ. ನಡುವಿನ 20 ತಿಂಗಳಲ್ಲಿ ಮಾಡಿದ್ದ ಕೀಲಿಕೈಗಳನ್ನೆಲ್ಲ ಎಸೆದು ಹೊಸದು ಮಾಡಿಕೊಳ್ಳಬೇಕಾಯಿತು.

ಇಂಥ ಪೆಟ್ಟು ತಿಂದ ಮೇಲೆ ಯಾರೂ ‘ಒಂದೇ ಸಾಲು ತಾನೇ’ ಅನ್ನುವುದಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲಿ 9–10 ವಾರಕ್ಕೊಂದು ಹೊಸ ಆವೃತ್ತಿ ಬರುತ್ತದೆ. ಹೊಸ ಸೌಲಭ್ಯ ಸೇರಿಸಲು ಬಾಗಿಲು ತೆರೆದಿರುವುದು ಮೊದಲ ಎರಡು ವಾರ ಮಾತ್ರ. ಮಿಕ್ಕ ವಾರಗಳೆಲ್ಲ ರಿಪೇರಿಗೇ ಹೋಗುತ್ತವೆ. ಈಗಾಗಲೇ ಜನರ ಕೈ ಸೇರಿರುವ ಆವೃತ್ತಿಗೆ ಕಳಿಸುವ ಪ್ಯಾಚ್ (ತಿದ್ದುಪಡಿಯ ತುಣುಕು), ಸುತ್ತಲಿನ ಸಾಲುಗಳೂ ಸೇರಿ, 100 ಸಾಲು ಮೀರಬಾರದು ಅಂತ ನಿಯಮವಿದೆ. ನಿಮಗೆ ವಾರವಾರ ಬರುವುದರಲ್ಲಿ ಇಂಥವೂ ಇರುತ್ತವೆ. ಏನೂ ಬದಲಾದ ಹಾಗೆ ಕಾಣದಿದ್ದರೆ ಅವರ ಕೆಲಸ ಚೆನ್ನಾಗಿ ಆಗಿದೆ ಅಂತಲೇ ಲೆಕ್ಕ.

ಹಾಕಿಕೊಳ್ಳದಿದ್ದರೆ? ಹೊಸ ಸೌಲಭ್ಯದ ಅಪ್‌ಡೇಟ್ ಆದರೆ ತಿಂಗಳು ಕಾದರೂ ನಷ್ಟವಿಲ್ಲ. ‘ಸೆಕ್ಯುರಿಟಿ’ ಅಂತ ಬರೆದಿದ್ದರೆ ಕಾಯಬೇಡಿ. ಓಪನ್ ಸೋರ್ಸ್ ಅಂದರೆ ಕೋಡನ್ನು ಯಾರು ಬೇಕಾದರೂ ನೋಡಬಹುದು. ಹಾಗಾಗಿ ತೂತು ಎಲ್ಲಿತ್ತು ಅಂತ ಪ್ಯಾಚ್ ನೋಡಿದವರಿಗೆಲ್ಲ ಗೊತ್ತಾಗುತ್ತದೆ, ಕಳ್ಳರಿಗೂ. ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದ ಒಂದು ತೂತಿಗೆ 2017ರ ಮಾರ್ಚ್‌ನಲ್ಲೇ ಪ್ಯಾಚ್ ಬಂದಿತ್ತು. ಜನರ ಸಾಲದ ದಾಖಲೆ ಇಡುವ ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿ ಒಂದು ಕಡೆ ಅದನ್ನು ಹಾಕದೆ ಬಿಟ್ಟಿತ್ತು. ಮೇ ತಿಂಗಳಲ್ಲಿ ಕಳ್ಳರು ಅಲ್ಲಿಂದಲೇ ನುಗ್ಗಿದರು. ಸುಮಾರು 14.7 ಕೋಟಿ ಜನರ ಮಾಹಿತಿ ಹೋಯಿತು.

ಇನ್ನು ನಿಮ್ಮ ಮೂರು ತಿಂಗಳ ಬಗ್ ವಿಷಯ. ಅನೇಕ ಸಣ್ಣ ಪ್ರಾಜೆಕ್ಟ್‌ಗಳನ್ನು ಒಬ್ಬಿಬ್ಬರು, ಅದೂ ಆಫೀಸ್ ಮುಗಿಸಿ ಬಂದ ಮೇಲೆ, ನೋಡಿಕೊಳ್ಳುತ್ತಾರೆ. ‘ಮೊನ್ನೆವರೆಗೂ ಸರಿಯಿತ್ತು, ಈಗ ಕೆಟ್ಟಿದೆ’ ಅಂತ ಬರೆದರೆ ಅವರಿಗೆ ದಾರಿ ಕಾಣುವುದಿಲ್ಲ. ಯಾವ ಆವೃತ್ತಿಯ ತನಕ ಸರಿಯಿತ್ತು, ಯಾವುದರಲ್ಲಿ ಕೆಟ್ಟಿತು ಅಂತ ಬರೆಯಿರಿ. ನಡುವೆ 1,000 ಬದಲಾವಣೆ ಆಗಿದ್ದರೂ ಪರವಾಗಿಲ್ಲ. ಗಿಟ್ ಬೈಸೆಕ್ಟ್ ಅಂತ ಒಂದು ಉಪಾಯವಿದೆ. ಸರಿಯಾಗಿ ಮಧ್ಯದ ಆವೃತ್ತಿ ಹಾಕಿ ನೋಡುವುದು, ತಪ್ಪು ಯಾವ ಅರ್ಧದಲ್ಲಿದೆಯೋ ಅದರಲ್ಲಿ ಮತ್ತೆ ಮಧ್ಯ ಹಿಡಿಯುವುದು. ಹತ್ತು ಸಲ ಮಾಡುವಷ್ಟರಲ್ಲಿ ಕೆಡಿಸಿದ ಬದಲಾವಣೆ ಸಿಕ್ಕಿಬೀಳುತ್ತದೆ. ಕನ್ನಡ ಕೆಟ್ಟು ಕಾಣುತ್ತಿದ್ದರೆ ಸ್ಕ್ರೀನ್‌ಶಾಟ್ ಜೊತೆಗೆ ಆ ಪದವನ್ನು ಕಾಪಿ ಮಾಡಿ ಹಾಕಿ. ಕಾಣದ ಅಕ್ಷರ ಚಿತ್ರದಲ್ಲಿ ಬರುವುದಿಲ್ಲವಲ್ಲ.

ಇದೆಲ್ಲಕ್ಕೂ ಮುಂಚೆ ನೀವು ಕೊಟ್ಟ ದೂರನ್ನು ಒಮ್ಮೆ ತೆರೆದು ನೋಡಿ. ಕೆಳಗೆ ‘ನೀಡ್ಸ್ ಇನ್ಫೋ’ (ಇನ್ನಷ್ಟು ಮಾಹಿತಿ ಬೇಕು) ಅಂತ ಚೀಟಿ ಅಂಟಿಸಿ, ಮೂರು ತಿಂಗಳಿಂದ ಅವರೇ ನಿಮಗಾಗಿ ಕಾಯುತ್ತಿರಬಹುದು.