ಕ್ಲಾರ್ಕ್ ಮೇಡಂ ಲೆಕ್ಕ

ಎಲೆಕ್ಟ್ರಿಕಲ್ ಓದಿದವರಿಗೆ, ಮೂರು ಅಲೆಗಳ ಕರೆಂಟ್ ಲೆಕ್ಕವನ್ನು ಎರಡಕ್ಕೆ ಇಳಿಸುವ ಕ್ಲಾರ್ಕ್ ಟ್ರಾನ್ಸ್‌ಫಾರ್ಮ್ ಗೊತ್ತಿರುತ್ತದೆ. ಆ ಕ್ಲಾರ್ಕ್ ಯಾರೋ ಗಡ್ಡದ ಪ್ರೊಫೆಸರ್ ಇರಬೇಕು ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಅಲ್ಲ, ಅವರು ಎಡಿತ್ ಕ್ಲಾರ್ಕ್, ಅಮೆರಿಕದ ಹೆಣ್ಣುಮಗಳು.

ಹುಟ್ಟಿದ್ದು 1883ರಲ್ಲಿ, ಮೇರಿಲ್ಯಾಂಡ್‌ನ ಹಳ್ಳಿಗಾಡಿನಲ್ಲಿ. ಚಿಕ್ಕ ವಯಸ್ಸಿಗೇ ಅಪ್ಪ ಅಮ್ಮ ಇಬ್ಬರೂ ತೀರಿಹೋದರು. ಪಾಲಿಗೆ ಬಂದ ದುಡ್ಡನ್ನೆಲ್ಲ ಓದಿಗೆ ಹಾಕಿ ವಾಸರ್ ಕಾಲೇಜಿನಲ್ಲಿ ಗಣಿತ, ಖಗೋಳ ವಿಜ್ಞಾನ ಕಲಿತರು. ಸ್ವಲ್ಪ ಕಾಲ ಪಾಠ ಹೇಳಿದರು. 1912ರಲ್ಲಿ ಎಟಿ ಅಂಡ್ ಟಿ ಅನ್ನುವ ಟೆಲಿಫೋನ್ ಕಂಪನಿಯಲ್ಲಿ 'ಕಂಪ್ಯೂಟರ್' ಆಗಿ ಸೇರಿದರು. ಆಗ ಕಂಪ್ಯೂಟರ್ ಅಂದರೆ ಕೂತು ಕೈಯಲ್ಲೇ ಲೆಕ್ಕ ಮಾಡುವ ಮನುಷ್ಯರು! 1919ರಲ್ಲಿ ಅಮೆರಿಕದ ಹೆಸರಾಂತ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿ ಬಂತು. ಅಲ್ಲಿ ಅದನ್ನು ಪಡೆದ ಮೊದಲ ಹೆಂಗಸು ಇವರೇ. ಇನ್ನಾದರೂ ಎಂಜಿನಿಯರ್ ಕೆಲಸ ಸಿಗಬೇಕಿತ್ತು ಅಲ್ವಾ? ಸಿಗಲಿಲ್ಲ. ಜನರಲ್ ಎಲೆಕ್ಟ್ರಿಕ್ ಕಂಪನಿ ಕೊಟ್ಟಿದ್ದು ಲೆಕ್ಕ ಮಾಡುವವರ ಮೇಲ್ವಿಚಾರಣೆ.

ಆ ಲೆಕ್ಕವಾದರೂ ಎಂಥದ್ದು ಅಂತೀರಿ! ಕರೆಂಟ್ ಲೈನು ತುಂಬ ಉದ್ದವಾದಾಗ ರೆಸಿಸ್ಟೆನ್ಸ್ (ಕರೆಂಟ್ ಹರಿವಿಗೆ ತಡೆ), ಇಂಡಕ್ಟೆನ್ಸ್ (ಕರೆಂಟ್ ಬದಲಾಗುವುದಕ್ಕೆ ತಡೆ), ಕೆಪಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಗುಣ) ಮೂರೂ ತಂತಿಯುದ್ದಕ್ಕೂ ಹರಡಿಕೊಂಡಿರುವುದನ್ನು ಲೆಕ್ಕಕ್ಕೆ ಹಿಡಿಯಲೇಬೇಕು, ಹಾಗಾಗಿ ಆ ತುದಿಯಲ್ಲಿ ಎಷ್ಟು ವೋಲ್ಟೇಜ್ ಉಳಿಯುತ್ತದೆ ಅಂತ ತಿಳಿಯಲು ಕೈಯಲ್ಲಿ ಮಾಡಲು ಬಲು ತ್ರಾಸದ ಹೈಪರ್ಬಾಲಿಕ್ ಫಂಕ್ಷನ್‌ಗಳ ಜೊತೆ ಗುದ್ದಾಡಬೇಕಿತ್ತು. ಕ್ಲಾರ್ಕ್ ಇದಕ್ಕೊಂದು ಕ್ಯಾಲ್ಕುಲೇಟರ್ ಮಾಡಿದರು. ಬಟನ್ ಇಲ್ಲ, ಬ್ಯಾಟರಿ ಇಲ್ಲ, ಗ್ರಾಫಿನ ಮೇಲೆ ಉತ್ತರ ಓದಿಕೊಳ್ಳುವುದು, ಅಷ್ಟೇ. ಕೆಲಸ ಹತ್ತುಪಟ್ಟು ಬೇಗ ಮುಗಿಯುತ್ತಿತ್ತು. 1921ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1925ರಲ್ಲಿ ಸಿಕ್ಕಿತು.

ಅರ್ಜಿ ಹಾಕಿದ ವರ್ಷವೇ ಕಂಪನಿ ಬಿಟ್ಟು ಟರ್ಕಿಗೆ ಹೋಗಿ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದರು. 1922ರಲ್ಲಿ ವಾಪಸ್ ಬಂದಾಗ ಅದೇ ಕಂಪನಿ ಎಂಜಿನಿಯರ್ ಅಂತಲೇ ಕರೆದುಕೊಂಡಿತು.

ಇನ್ನು ಆ ಟ್ರಾನ್ಸ್‌ಫಾರ್ಮ್ ವಿಷಯ. ತ್ರೀ ಫೇಸ್ ಲೈನಿನಲ್ಲಿ, ಅಂದರೆ ಮೂರು ತಂತಿಗಳಲ್ಲಿ ಕರೆಂಟ್ ಸಾಗಿಸುವ ಲೈನಿನಲ್ಲಿ, ಮೂರು ಅಲೆಗಳು ಒಂದರ ಹಿಂದೆ ಒಂದು ಬರುತ್ತವೆ. ಮೂರೂ ಸೇರಿ ಸೊನ್ನೆಯಾಗುವಾಗ ಎರಡು ಗೊತ್ತಿದ್ದರೆ ಮೂರನೆಯದು ತಾನಾಗೇ ಗೊತ್ತಾಗುತ್ತದೆ. ಹಾಗಿದ್ದಮೇಲೆ ಮೂರನ್ನೂ ಎಳೆದಾಡುವುದೇಕೆ? ಒಂದಕ್ಕೊಂದು ಲಂಬವಾಗಿರುವ ಎರಡು ಅಕ್ಷಗಳ ಮೇಲಿನ ಎರಡೇ ಅಲೆಗಳಾಗಿ ಬರೆದುಕೊಂಡರೆ ಲೆಕ್ಕ ಹಗುರ. ಇವತ್ತು ಎಷ್ಟೋ ಎಲೆಕ್ಟ್ರಿಕ್ ವಾಹನಗಳ ಮೋಟರ್ ಕಂಟ್ರೋಲರ್ ಸೆಕೆಂಡಿಗೆ ಸಾವಿರಾರು ಸಲ ಮಾಡುವುದು ಇದನ್ನೇ.

1945ರಲ್ಲಿ ನಿವೃತ್ತಿಯಾದವರು ಸುಮ್ನೆ ಕೂರಲಿಲ್ಲ. 1947ರಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಮೇಷ್ಟರಿಕೆ ಶುರುಮಾಡಿದರು. ಮಹಿಳಾ ಎಂಜಿನಿಯರೇ ಬೇಕು ಅಂತ ಯಾರೂ ಕೇಳುತ್ತಿಲ್ಲ, ಆದರೆ ಒಳ್ಳೆ ಕೆಲಸಗಾರರಿಗೆ ಬೇಡಿಕೆ ಇದ್ದೇ ಇರುತ್ತದೆ ಅನ್ನುವ ಅರ್ಥದ ಮಾತನ್ನು 1948ರಲ್ಲಿ ಹೇಳಿದ್ದರು. ಮೊದಲನೇ ಮಾತು ಸರಿ. ಎರಡನೆಯದು ನಿಜವಾಗಲು ಎಂಐಟಿ ಪದವಿ ಕೈಯಲ್ಲಿದ್ದೂ ಅವರೇ ಮೂರು ವರ್ಷ ಕಾಯಬೇಕಾಯಿತು.