ಪೀಜೋ: ಒಂದು ಪದ ನಡೆದು ಬಂದ ದಾರಿ

ಮಲ್ಪೆಯಿಂದ ಕಡಲಿಗಿಳಿಯುವ ಪರ್ಸೀನ್ ಬೋಟಿನ ಫಿಶ್ ಫೈಂಡರ್ ಮತ್ತು ಉಡುಪಿಯ ಯಾವುದೇ ಅಡುಗೆಮನೆಯಲ್ಲಿರುವ ಗ್ಯಾಸ್ ಲೈಟರ್, ಎರಡರ ಒಳಗೂ ಒಂದೇ ಗುಣದ ವಸ್ತುವಿದೆ. ಒತ್ತಿದರೆ ವಿದ್ಯುತ್ ಮೂಡುವ ಆ ಗುಣದ ಹೆಸರು ಪೀಜೋಎಲೆಕ್ಟ್ರಿಸಿಟಿ. ಗ್ರೀಕಿನ ‘ಪೀಜೈನ್’ ಎಂದರೆ ಒತ್ತುವುದು. ಹಾಗಾಗಿ ‘ಒತ್ತುವಿದ್ಯುತ್’ ಎಂದರೂ ತಪ್ಪಲ್ಲ.

ಇದಕ್ಕಿಂತ ಹಳೆಯದು ‘ಪೈರೋಎಲೆಕ್ಟ್ರಿಸಿಟಿ’ ಎಂಬ ಪದ. 18ನೇ ಶತಮಾನದ ಆರಂಭದಲ್ಲಿ ಡಚ್ಚರು ಸಿಂಹಳದಿಂದ ಯುರೋಪಿಗೆ ಒಯ್ದ ಟೂರ್ಮಲಿನ್ ಹರಳು ಬಿಸಿಯಾದರೆ ಬೂದಿಯನ್ನು ಸೆಳೆಯುತ್ತಿತ್ತು. ಈ ಗುಣಕ್ಕೆ 1824ರಲ್ಲಿ ಸ್ಕಾಟ್ಲೆಂಡಿನ ಭೌತವಿಜ್ಞಾನಿ ಡೇವಿಡ್ ಬ್ರೂಸ್ಟರ್ ಆ ಹೆಸರಿಟ್ಟರು. ಇದೇ ಜಾಡು ಹಿಡಿದ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು 1880ರಲ್ಲಿ ಪ್ಯಾರಿಸಿನಲ್ಲಿ ಟೂರ್ಮಲಿನ್, ಕ್ವಾರ್ಟ್ಸ್, ಟೋಪಾಜ್, ಕೊನೆಗೆ ಕಬ್ಬಿನ ಸಕ್ಕರೆಯ ಹರಳನ್ನೂ ಒತ್ತಿ ನೋಡಿ, ಅವುಗಳ ಮೇಲ್ಮೈಯಲ್ಲಿ ವಿದ್ಯುದಾವೇಶ ಮೂಡುವುದನ್ನು ಅಳೆದರು. ಮರುವರ್ಷ ಜರ್ಮನ್ ವಿಜ್ಞಾನಿ ಹ್ಯಾಂಕೆಲ್ ‘ಪೀಜೋ’ ಹೆಸರನ್ನು ಸೂಚಿಸಿದರು.

ಆದರೆ ಈ ಹೆಸರು ಅರ್ಧವನ್ನಷ್ಟೇ ಹೇಳುತ್ತದೆ. ವಿದ್ಯುತ್ ಹಾಯಿಸಿದರೆ ಅದೇ ಹರಳು ಹಿಗ್ಗಿ ಕುಗ್ಗಬೇಕೆಂದು 1881ರಲ್ಲಿಯೇ ಫ್ರೆಂಚ್ ಭೌತವಿಜ್ಞಾನಿ ಲಿಪ್‌ಮನ್ ಲೆಕ್ಕ ಹಾಕಿ ತೋರಿಸಿದರು, ಕ್ಯೂರಿ ಸಹೋದರರು ಪ್ರಯೋಗದಿಂದ ದೃಢಪಡಿಸಿದರು. ಮೊದಲ ಮಹಾಯುದ್ಧದಲ್ಲಿ ಫ್ರೆಂಚ್ ವಿಜ್ಞಾನಿ ಲ್ಯಾಂಜವಾನ್ ಕ್ವಾರ್ಟ್ಸ್ ಬಳಸಿ ಜಲಾಂತರ್ಗಾಮಿಗಳನ್ನು ಪತ್ತೆಮಾಡಲು ಹೊರಟದ್ದು ಈ ಎರಡು ಮುಖಗಳನ್ನೂ ನೆಚ್ಚಿಕೊಂಡೇ. ಮಲ್ಪೆಯ ಬೋಟಿನಲ್ಲಿ ನಡೆಯುವುದೂ ಅದೇ: ವಿದ್ಯುತ್ತಿನಿಂದ ಕಂಪಿಸಿದ ಬಿಲ್ಲೆ ನೀರಿನೊಳಗೆ ಶಬ್ದ ಕಳಿಸುತ್ತದೆ, ಮೀನಿನ ಗುಂಪಿಗೆ ತಾಗಿ ಮರಳಿದ ಮಾರ್ದನಿ ಅದನ್ನು ಒತ್ತಿದಾಗ ಮತ್ತೆ ವಿದ್ಯುತ್ ಹುಟ್ಟುತ್ತದೆ.

ಈ ಪದಗಳನ್ನು ಅದಲುಬದಲು ಮಾಡುವುದು ಸರಿಯಲ್ಲ. ಒಳರಚನೆಯ ಸಮ್ಮಿತಿಯನ್ನು ನೋಡಿ ವಿಂಗಡಿಸಿದ ಹರಳುಗಳ 32 ವರ್ಗಗಳಲ್ಲಿ ಒತ್ತಿದರೆ ವಿದ್ಯುತ್ ಕೊಡಬಲ್ಲವು 20. ಅವುಗಳಲ್ಲಿ 10 ಮಾತ್ರ ಬಿಸಿಗೂ ಸ್ಪಂದಿಸುತ್ತವೆ. ಕ್ವಾರ್ಟ್ಸ್ ಪೀಜೋ ಹೌದು, ಪೈರೋ ಅಲ್ಲ. ಒಳಗಿನ ವಿದ್ಯುತ್ ಧ್ರುವಗಳ ದಿಕ್ಕನ್ನು ಹೊರಗಿನ ವಿದ್ಯುತ್ತಿನಿಂದ ತಿರುಗಿಸಬಹುದಾದ ವಸ್ತುವಿಗಿರುವ ‘ಫೆರೋಎಲೆಕ್ಟ್ರಿಕ್’ ಎಂಬ ಇನ್ನೊಂದು ಪದದಲ್ಲಿ ಕಬ್ಬಿಣದ ಹೆಸರಿದ್ದರೂ ಆ ವಸ್ತುವಿನಲ್ಲಿ ಕಬ್ಬಿಣ ಇರಬೇಕಾಗಿಲ್ಲ. ಅಯಸ್ಕಾಂತದ ನಡತೆಯನ್ನು ಹೋಲುವುದರಿಂದ ಬಂದ ಹೆಸರದು.

ಪೀಜೋ ಎಂದರೆ ‘ವಿದ್ಯುತ್ ಉತ್ಪಾದಿಸುವ ವಸ್ತು’ ಎಂಬ ವಿವರಣೆಯೇ ನನಗೆ ಹೆಚ್ಚು ಆತಂಕ ತರುತ್ತದೆ, ಏಕೆಂದರೆ ಹರಳು ತಾನಾಗಿ ಯಾವ ಶಕ್ತಿಯನ್ನೂ ಸೃಷ್ಟಿಸುವುದಿಲ್ಲ. ಲೈಟರಿನಲ್ಲಿ ಹೆಬ್ಬೆರಳು ಸ್ಪ್ರಿಂಗನ್ನು ಬಿಗಿಯುತ್ತದೆ, ಸ್ಪ್ರಿಂಗಿನ ಸುತ್ತಿಗೆ ಪಿಂಗಾಣಿಯಂಥ ತುಣುಕಿಗೆ ಬಡಿಯುತ್ತದೆ, ಕ್ಷಣಮಾತ್ರ ಸಾವಿರಾರು ವೋಲ್ಟ್ ಮೂಡುತ್ತದೆ. ವೋಲ್ಟ್ ಹೆಚ್ಚಾದರೂ ಹರಿಯುವ ಆವೇಶ ತೀರಾ ಕಡಿಮೆ. ಗ್ಯಾಸ್ ಹೊತ್ತಿಸಲು ಅದು ಸಾಕು, ಬಲ್ಬು ಬೆಳಗಿಸಲು ಸಾಲದು.