ನಂಬಬೇಕೇ, ನಡೆಯಬೇಕೇ, ಕೇಳಿಸಿಕೊಂಡರೆ ಸಾಕೇ? ಅಮೆರಿಕದ ಸಣ್ಣ ಕ್ರೈಸ್ತ ವಿಶ್ವವಿದ್ಯಾಲಯಗಳ ಬಗ್ಗೆ

ಅಮೆರಿಕದ ಸಣ್ಣ ಖಾಸಗಿ ಕ್ರೈಸ್ತ ವಿಶ್ವವಿದ್ಯಾಲಯವೊಂದರಿಂದ ಪ್ರವೇಶಪತ್ರ ಬಂದ ಕೂಡಲೇ ಪೋಷಕರು ಸಲಹೆಗಾಗಿ ನನ್ನ ಬಳಿ ಬರುತ್ತಾರೆ. ಕ್ರೈಸ್ತ ಕುಟುಂಬದವರು ‘ಅಲ್ಲಿ ಒಳ್ಳೆಯ ವಾತಾವರಣ ಇರುತ್ತದಲ್ಲವೇ?’ ಎಂದು ಕೇಳುತ್ತಾರೆ. ಇತರರು ತುಸು ಹಿಂಜರಿದು, ‘ಮಗುವಿನ ಮೇಲೆ ಧರ್ಮದ ಒತ್ತಡ ಬರುತ್ತದೆಯೇ?’ ಎನ್ನುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ‘ಕ್ರೈಸ್ತ ವಿಶ್ವವಿದ್ಯಾಲಯ’ ಎಂಬ ಹೆಸರೊಂದನ್ನೇ ನೋಡಿ ಇವೆರಡಕ್ಕೂ ಉತ್ತರ ಹೇಳಲಾಗದು. ನಾನು ಅವರಿಗೆ ಇನ್ನೊಂದು ಪ್ರಶ್ನೆಯನ್ನು ಕೊಟ್ಟು ಕಳುಹಿಸುತ್ತೇನೆ: ಈ ಸಂಸ್ಥೆ ವಿದ್ಯಾರ್ಥಿಯಿಂದ ಏನನ್ನು ಬಯಸುತ್ತದೆ? ನಂಬಬೇಕೆಂದೇ, ತನ್ನ ನಿಯಮದಂತೆ ನಡೆಯಬೇಕೆಂದೇ, ಅಥವಾ ಕೇಳಿಸಿಕೊಂಡರೆ ಸಾಕೆಂದೇ?

ಇಲಿನಾಯ್ ರಾಜ್ಯದ ವೀಟನ್ ಕಾಲೇಜು 1860ರಲ್ಲಿ ಆರಂಭವಾದದ್ದು. ಅಲ್ಲಿ ಪದವಿಗೆ ಸೇರುವವರು ಕ್ರೈಸ್ತ ವಿಶ್ವಾಸ ಉಳ್ಳವರಾಗಿರಬೇಕು ಮತ್ತು ನಡವಳಿಕೆಯ ನಿಯಮಗಳಿರುವ ‘ಸಮುದಾಯ ಒಡಂಬಡಿಕೆ’ಗೆ ಸಹಿ ಹಾಕಬೇಕು. ಮಿಶಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿರುವ ಕ್ಯಾಲ್ವಿನ್ ವಿಶ್ವವಿದ್ಯಾಲಯವನ್ನು 1876ರಲ್ಲಿ ರಿಫಾರ್ಮ್ಡ್ ಪಂಥದವರು ಕಟ್ಟಿದರು. ಪಾಠ ಮಾಡುವವರ ನಂಬಿಕೆಯ ವಿಷಯದಲ್ಲಿ ಅದು ಕಟ್ಟುನಿಟ್ಟು, ಆದರೆ ವಿದ್ಯಾರ್ಥಿಯಿಂದ ವಿಶ್ವಾಸದ ಘೋಷಣೆಯನ್ನು ಬಯಸುವುದಿಲ್ಲ. ಎರಡೂ ಗಂಭೀರವಾದ ಕ್ರೈಸ್ತ ಸಂಸ್ಥೆಗಳು. ಹಿಂದೂ ಅಥವಾ ಮುಸ್ಲಿಂ ವಿದ್ಯಾರ್ಥಿಗೆ ಮೊದಲನೆಯದರ ಬಾಗಿಲು ತೆರೆಯುವುದಿಲ್ಲ, ಎರಡನೆಯದರದು ತೆರೆದಿರುತ್ತದೆ. ಅರ್ಜಿ ಶುಲ್ಕ ಕಟ್ಟುವ ಮೊದಲೇ ಇದನ್ನು ತಿಳಿದುಕೊಳ್ಳಬೇಕು.

ನಡವಳಿಕೆಯ ನಿಯಮಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮದ್ಯ, ತಂಬಾಕು, ಮದುವೆಗೆ ಮುಂಚಿನ ದೈಹಿಕ ಸಂಬಂಧ, ಹಾಸ್ಟೆಲಿನಲ್ಲಿ ಹುಡುಗ ಹುಡುಗಿಯರು ಪರಸ್ಪರರ ಕೋಣೆಗೆ ಹೋಗಬಹುದಾದ ವೇಳೆ: ಇವೆಲ್ಲ ಬರಹದಲ್ಲಿರುತ್ತವೆ. ಹಲವು ಸಂಸ್ಥೆಗಳಲ್ಲಿ ಈ ನಿಯಮಗಳು ಕ್ಯಾಂಪಸ್ಸಿನ ಹೊರಗೂ, ರಜೆಯಲ್ಲೂ ಅನ್ವಯಿಸುತ್ತವೆ. ಸಲಿಂಗ ಸಂಬಂಧವನ್ನು ನಿಷೇಧಿಸುವ ಸಂಸ್ಥೆಗಳೂ ಇವೆ. ಶಿಕ್ಷಣದಲ್ಲಿ ಲಿಂಗ ತಾರತಮ್ಯವನ್ನು ತಡೆಯುವ 1972ರ ‘ಟೈಟಲ್ ನೈನ್’ ಕಾನೂನು ಧಾರ್ಮಿಕ ಸಂಸ್ಥೆಗಳಿಗೆ ಅವುಗಳ ನಂಬಿಕೆಗೆ ವಿರುದ್ಧವಾಗುವ ಕಡೆ ವಿನಾಯಿತಿ ಕೊಟ್ಟಿದೆ. ಹಾಗಾಗಿ ‘ಅಮೆರಿಕವಲ್ಲವೇ, ಯಾರೂ ಏನೂ ಕೇಳುವುದಿಲ್ಲ’ ಎಂದುಕೊಂಡು ಹೋದ ವಿದ್ಯಾರ್ಥಿಗೆ ರಕ್ಷಣೆ ಇಲ್ಲದ ಸಂದರ್ಭ ಎದುರಾಗಬಹುದು. ಹದಿನೆಂಟರ ವಯಸ್ಸಿನಲ್ಲಿ ಸಹಿ ಹಾಕುವ ಈ ನಿಯಮಗಳ ಕಾಗದವನ್ನು ಮನೆಯವರೆಲ್ಲ ಕುಳಿತು ಓದಬೇಕು, ಒಪ್ಪಲಾಗದ ಸಾಲು ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಮನಸ್ಸಿಲ್ಲದೆ ಸಹಿ ಹಾಕಿ ನಾಲ್ಕು ವರ್ಷ ಮರೆಮಾಚುತ್ತ ಬದುಕುವುದನ್ನು ನಾನು ಯಾವ ಮಗುವಿಗೂ ಹೇಳಲಾರೆ.

ಕೇಳಿಸಿಕೊಳ್ಳುವುದು ಹೆಚ್ಚುಕಡಿಮೆ ಎಲ್ಲೆಡೆ ಇದೆ. ಪದವಿಗೆ ಬೇಕಾದ ಕ್ರೆಡಿಟ್‌ಗಳಲ್ಲಿ ಬೈಬಲ್ ಮತ್ತು ದೇವತಾಶಾಸ್ತ್ರದ ಕೆಲವು ಕೋರ್ಸ್‌ಗಳು ಸೇರಿರುತ್ತವೆ. ವಾರದಲ್ಲಿ ಕೆಲವು ದಿನ ಚಾಪೆಲ್ ಪ್ರಾರ್ಥನಾಸಭೆ ಇರುತ್ತದೆ, ಹಲವು ಕಡೆ ಅದಕ್ಕೆ ಹಾಜರಾತಿ ಕಡ್ಡಾಯ. ಬೈಬಲ್ ತರಗತಿಯಲ್ಲಿ ಅಂಕ ಸಾಮಾನ್ಯವಾಗಿ ಪಠ್ಯವನ್ನು ಎಷ್ಟು ಅರ್ಥ ಮಾಡಿಕೊಂಡಿರಿ ಎಂಬುದಕ್ಕೆ. ಆದರೆ ಅರ್ಥಶಾಸ್ತ್ರ, ನರ್ಸಿಂಗ್‌ನಂಥ ವಿಷಯಗಳಲ್ಲೂ ‘ಈ ಶಾಸ್ತ್ರವನ್ನು ನಿಮ್ಮ ವಿಶ್ವಾಸದ ಜೊತೆ ಹೇಗೆ ಜೋಡಿಸುತ್ತೀರಿ’ ಎಂದು ಕೇಳುವ ಪ್ರಬಂಧವನ್ನು ಬರೆಸುವವರಿದ್ದಾರೆ. ಬೇರೆ ಧರ್ಮದ ಅಥವಾ ಯಾವ ಧರ್ಮವೂ ಇಲ್ಲದ ವಿದ್ಯಾರ್ಥಿ ಇದನ್ನು ಹೇಗೆ ಬರೆಯಬಹುದು ಎಂದು ಪ್ರವೇಶ ಕಚೇರಿಗೆ ಇಮೇಲ್ ಮಾಡಿ. ಉತ್ತರದ ಧಾಟಿಯಲ್ಲೇ ಆ ಸಂಸ್ಥೆಯ ಸ್ವಭಾವ ಬಹಳಷ್ಟು ತಿಳಿದುಬಿಡುತ್ತದೆ.

ಪಂಥ ಯಾವುದು ಎಂಬುದು ದಿನಚರಿಯನ್ನೇ ಬದಲಿಸುತ್ತದೆ. ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದ ಆಂಡ್ರ್ಯೂಸ್ ವಿಶ್ವವಿದ್ಯಾಲಯದಲ್ಲಿ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗೆ ಸಬ್ಬತ್ ವಿಶ್ರಾಂತಿ, ಊಟದ ಮನೆಯಲ್ಲಿ ಸಸ್ಯಾಹಾರ. ಯುದ್ಧವನ್ನು ಒಪ್ಪದ ಮೆನ್ನೊನೈಟ್ ಪಂಥದ ಗೋಶೆನ್ ಕಾಲೇಜು 1968ರಿಂದ ವಿದ್ಯಾರ್ಥಿಗಳನ್ನು ಬೇರೆ ದೇಶಗಳಿಗೆ ಕಳುಹಿಸಿ, ಅಲ್ಲಿನ ಕುಟುಂಬಗಳ ಜೊತೆ ಇರಿಸಿ, ಸೇವೆ ಮಾಡಿಸುತ್ತ ಬಂದಿದೆ. ಅದೇ ಕಾಲೇಜು 2011ರಲ್ಲಿ ತನ್ನ ಕ್ರೀಡಾಕೂಟಗಳಲ್ಲಿ ಅಮೆರಿಕದ ರಾಷ್ಟ್ರಗೀತೆಯನ್ನು ನುಡಿಸದಿರಲು ತೀರ್ಮಾನಿಸಿತು. ಯುದ್ಧವನ್ನು ಹಾಡುವ ಗೀತೆ ಅವರ ಶಾಂತಿವ್ರತಕ್ಕೆ ಹೊಂದಲಿಲ್ಲ. ಕೆಂಟಕಿಯ ಬೆರಿಯಾ ಕಾಲೇಜನ್ನು 1855ರಲ್ಲಿ ಸ್ಥಾಪಿಸಿದವರು ಗುಲಾಮಗಿರಿಯ ವಿರುದ್ಧ ನಿಂತ ಪಾದ್ರಿ ಜಾನ್ ಫೀ. ಅದು ಯಾವ ಪಂಥಕ್ಕೂ ಸೇರದ ಕ್ರೈಸ್ತ ಕಾಲೇಜು. ಇಂದಿಗೂ ಅಲ್ಲಿ ವಿದ್ಯಾರ್ಥಿಗಳು ಬೋಧನಾ ಶುಲ್ಕ ಕಟ್ಟುವುದಿಲ್ಲ. ಪ್ರತಿಯೊಬ್ಬರೂ ವಾರಕ್ಕೆ ಕನಿಷ್ಠ 10 ಗಂಟೆ ಕಾಲೇಜಿನ ಕೆಲಸ ಮಾಡುತ್ತಾರೆ. ಇವನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ‘ಕ್ರಿಶ್ಚಿಯನ್ ಕಾಲೇಜು’ ಎಂದು ಬರೆದಿಡುವುದು ವಿದ್ಯಾರ್ಥಿಗೆ ಮಾಡುವ ಅನ್ಯಾಯ.

ಇನ್ನು ‘ಸಣ್ಣ’ ಎಂಬುದರ ವಿಷಯ. ಅಮೆರಿಕದ ಕಾಲೇಜುಗಳನ್ನು ವಿಂಗಡಿಸುವ ಕಾರ್ನೆಗಿ ವರ್ಗೀಕರಣದ 2021ರ ಆವೃತ್ತಿಯಲ್ಲಿ 1,000ದಿಂದ 2,999 ವಿದ್ಯಾರ್ಥಿಗಳಿರುವ ಸಂಸ್ಥೆ ಸಣ್ಣದು ಎನಿಸಿತ್ತು. ಧರ್ಮದ ಚರ್ಚೆಯಲ್ಲಿ ಪೋಷಕರು ಮರೆಯುವುದು ಇದನ್ನೇ. ಓದಿನ ಮಟ್ಟಿಗೆ ಹೆಚ್ಚು ಪರಿಣಾಮ ಬೀರುವುದೂ ಇದೇ. ಇಲ್ಲಿ ಮೊದಲ ವರ್ಷದ ರಸಾಯನಶಾಸ್ತ್ರವನ್ನೂ ಸಂಶೋಧನಾ ವಿದ್ಯಾರ್ಥಿಗಳ ಕೈಗೆ ಬಿಡದೆ ಪ್ರಾಧ್ಯಾಪಕರೇ ಕಲಿಸುತ್ತಾರೆ. ಎರಡು ದಿನ ಕಾಣದಿದ್ದರೆ ಹುಡುಕಿಕೊಂಡು ಬರುತ್ತಾರೆ. ಮುಂದೆ ಸ್ನಾತಕೋತ್ತರಕ್ಕೆ ಶಿಫಾರಸು ಪತ್ರ ಬೇಕಾದಾಗ, ನಿಮ್ಮ ಬರವಣಿಗೆ, ತಾಳ್ಮೆ, ಪ್ರಯೋಗಾಲಯದಲ್ಲಿ ನೀವು ಕೈಕೆಲಸ ಮಾಡುವ ರೀತಿ ಎಲ್ಲವನ್ನೂ ಕಂಡ ಒಬ್ಬರು ಅದನ್ನು ಬರೆಯುತ್ತಾರೆ. ಅಂಥ ಪತ್ರದ ತೂಕವನ್ನು ನಾನು ಬಲ್ಲೆ. ನಾಚಿಕೆಯ ಸ್ವಭಾವದ, ಮನೆಬಿಟ್ಟು ಮೊದಲ ಬಾರಿ ಹೋಗುವ ವಿದ್ಯಾರ್ಥಿಗೆ ನಲವತ್ತು ಸಾವಿರ ಜನರ ಸರ್ಕಾರಿ ವಿಶ್ವವಿದ್ಯಾಲಯಕ್ಕಿಂತ ಇದು ಎಷ್ಟೋ ಒಳ್ಳೆಯ ಜಾಗ ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಅದರ ಇನ್ನೊಂದು ಮುಖವೂ ಇದೆ. ವಿಭಾಗದಲ್ಲಿ ಇಬ್ಬರೋ ಮೂವರೋ ಪ್ರಾಧ್ಯಾಪಕರಿದ್ದರೆ ಉನ್ನತ ಮಟ್ಟದ ಕೋರ್ಸ್ ಎರಡು ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತದೆ. ಅದು ತಪ್ಪಿದರೆ ಪದವಿ ಒಂದು ಸೆಮಿಸ್ಟರ್ ಮುಂದಕ್ಕೆ ಹೋಗಬಹುದು, ಅಷ್ಟು ತಿಂಗಳ ಖರ್ಚೂ ಜೊತೆಗೆ. ಆದ್ದರಿಂದ ಕೋರ್ಸ್‌ಗಳ ಪಟ್ಟಿಯ ಜೊತೆಗೆ ಅವು ಯಾವ ಯಾವ ಸೆಮಿಸ್ಟರಿನಲ್ಲಿ ನಡೆಯುತ್ತವೆ ಎಂಬ ವೇಳಾಪಟ್ಟಿಯನ್ನೂ ಕೇಳಿ ಪಡೆಯಿರಿ. ದೊಡ್ಡ ಕಂಪನಿಗಳು ಇಂಥ ಕ್ಯಾಂಪಸ್ಸಿಗೆ ಅಷ್ಟಾಗಿ ಬರುವುದಿಲ್ಲ ಎಂಬುದೂ ನೆನಪಿರಲಿ.

ಹಣದ ಮಾತಿಗೆ ಬರೋಣ. ಅಮೆರಿಕದ ಖಾಸಗಿ ಕಾಲೇಜುಗಳು ಘೋಷಿಸುವ ಬೋಧನಾ ಶುಲ್ಕ ಬಹುತೇಕ ಯಾರೂ ಪೂರ್ತಿ ಕಟ್ಟದ ಬೆಲೆ. ಹೊಸದಾಗಿ ಸೇರುವವರಿಗೆ ಈ ಕಾಲೇಜುಗಳು ಸರಾಸರಿ ಅರ್ಧಕ್ಕಿಂತ ಹೆಚ್ಚು ರಿಯಾಯಿತಿ ಕೊಡುತ್ತವೆ. 40,000 ಡಾಲರ್ ಶುಲ್ಕದಲ್ಲಿ 20,000 ಡಾಲರ್ ವಿದ್ಯಾರ್ಥಿವೇತನ ಬಂದರೆ ಸಂಭ್ರಮಿಸುವ ಮೊದಲು ಎರಡು ಸಂಗತಿ ನೋಡಿ. ಶುಲ್ಕ ಪ್ರತಿವರ್ಷ ಏರಿದಾಗ ವಿದ್ಯಾರ್ಥಿವೇತನವೂ ಏರುತ್ತದೆಯೇ, ಅಥವಾ 20,000ದಲ್ಲೇ ನಿಲ್ಲುತ್ತದೆಯೇ? ಅದು ಮುಂದುವರಿಯಲು ಎಷ್ಟು ಅಂಕ ಬೇಕು? ಕ್ಯಾಂಪಸ್ಸಿನಲ್ಲೇ ವಾಸಿಸಬೇಕು, ಅಲ್ಲಿನ ಊಟದ ಯೋಜನೆಗೆ ಹಣ ಕಟ್ಟಬೇಕು ಎಂಬ ಷರತ್ತು ಸಣ್ಣ ಕಾಲೇಜುಗಳಲ್ಲಿ ಸಾಮಾನ್ಯ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಇರುವವರು ತರಗತಿ ನಡೆಯುವ ಅವಧಿಯಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ ಹೆಚ್ಚೆಂದರೆ 20 ಗಂಟೆ ದುಡಿಯಬಹುದು. ಆ ಸಂಬಳದಿಂದ ಶುಲ್ಕ ತುಂಬಿಸುವ ಲೆಕ್ಕ ಹಾಕಬೇಡಿ.

ಕೊನೆಯದಾಗಿ, ಸಂಸ್ಥೆ ನಾಲ್ಕು ವರ್ಷ ಬಾಳುತ್ತದೆಯೇ ಎಂಬ ಪ್ರಶ್ನೆ. ಮೆಥಡಿಸ್ಟ್ ಚರ್ಚಿನ ನಂಟಿದ್ದ ಅಯೋವಾ ವೆಸ್ಲಿಯನ್ 1842ರಲ್ಲಿ ಹುಟ್ಟಿ 2023ರಲ್ಲಿ ಮುಚ್ಚಿತು. ಅಲಬಾಮಾದ ಬರ್ಮಿಂಗ್‌ಹ್ಯಾಮ್ ಸದರ್ನ್ ಕಾಲೇಜು 2024ರ ಮೇ 31ರಂದು ಮುಚ್ಚಿತು. ಹಳೆಯ ಹೆಸರು, ಸುಂದರ ಕಟ್ಟಡ ಯಾವುದೂ ಭರವಸೆಯಲ್ಲ. ಅಮೆರಿಕದ ಶಿಕ್ಷಣ ಇಲಾಖೆ ಖಾಸಗಿ ಕಾಲೇಜುಗಳ ಹಣಕಾಸಿನ ಆರೋಗ್ಯಕ್ಕೆ –1.0ರಿಂದ 3.0ರವರೆಗಿನ ಅಂಕ ಕೊಡುತ್ತದೆ, 1.5ಕ್ಕಿಂತ ಕಡಿಮೆ ಇದ್ದರೆ ಕಾರಣ ಕೇಳಿ. ಅದೇ ಇಲಾಖೆಯ ‘ಕಾಲೇಜ್ ನ್ಯಾವಿಗೇಟರ್’ ತಾಣದಲ್ಲಿ ಮೊದಲ ವರ್ಷದ ನಂತರ ಎಷ್ಟು ಮಂದಿ ಉಳಿದರು, ಎಷ್ಟು ಮಂದಿ ಪದವಿ ಮುಗಿಸಿದರು ಎಂಬುದು ಉಚಿತವಾಗಿ ಸಿಗುತ್ತದೆ. ಮಾನ್ಯತೆ ಕೊಟ್ಟವರು ಯಾರು ಎಂದೂ ನೋಡಿ. ಹೈಯರ್ ಲರ್ನಿಂಗ್ ಕಮಿಷನ್‌ನಂಥ ಮಂಡಳಿಗಳ ಮಾನ್ಯತೆ ಇದ್ದರೆ ಕ್ರೆಡಿಟ್‌ಗಳನ್ನು ಬೇರೆಡೆ ಒಪ್ಪಿಸುವುದು ಸುಲಭ. ಧಾರ್ಮಿಕ ಸಂಸ್ಥೆಗಳಿಗಷ್ಟೇ ಮಾನ್ಯತೆ ಕೊಡುವ ಮಂಡಳಿಯದ್ದಾದರೆ, ನೀವು ಮುಂದೆ ಓದಬಯಸುವ ವಿಶ್ವವಿದ್ಯಾಲಯ ಅದನ್ನು ಒಪ್ಪುತ್ತದೆಯೇ ಎಂದು ಈಗಲೇ ಬರೆದು ಕೇಳಿ. ನಡುವೆಯೇ ಕಾಲೇಜು ಮುಚ್ಚಿದರೆ ಅಮೆರಿಕದ ವಿದ್ಯಾರ್ಥಿಗೆ ಮನೆಗೆ ಹೋಗಿ ಯೋಚಿಸುವಷ್ಟು ಸಮಯವಿರುತ್ತದೆ. ಎಫ್-1 ವಿದ್ಯಾರ್ಥಿ ಮಾತ್ರ ಸೆವಿಸ್ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿರುವ ತನ್ನ ವಿದ್ಯಾರ್ಥಿ ದಾಖಲೆಯನ್ನು ಗಡುವಿನೊಳಗೆ ಇನ್ನೊಂದು ಮಾನ್ಯ ಸಂಸ್ಥೆಗೆ ವರ್ಗಾಯಿಸಿಕೊಳ್ಳಬೇಕು, ಇಲ್ಲವೇ ದೇಶ ಬಿಡಬೇಕು.